ಮೊದಲು ಸಮಯ, ಆಮೇಲೆ ಚಿತ್ರ: ಬ್ರೌಸರ್‌ನಲ್ಲೇ ಓಡುವ ಶೂಟಿಂಗ್ ಗೇಮ್ ಕಟ್ಟುವ ಬಗೆ

ಶೂಟಿಂಗ್ ಗೇಮ್ ಮಾಡಬೇಕೆಂದು ಕೂತವರಲ್ಲಿ ಹೆಚ್ಚಿನವರು ಮೊದಲು ಹುಡುಕುವುದು ಚಿತ್ರಗಳನ್ನು. ಹೊಳೆಯುವ ನೌಕೆ, ಸ್ಫೋಟದ ಬೆಂಕಿ, ಹಿಂದೆ ಸರಿಯುವ ನಕ್ಷತ್ರಗಳು ಎಲ್ಲ ಸಿಗುತ್ತವೆ. ಆಡಿ ನೋಡಿದರೆ ಮಾತ್ರ ಆಟ ಸಪ್ಪೆ. ಕಾರಣ ಸರಳ. ಇಂಥ ಆಟದ ಜೀವ ಇರುವುದು ಸಮಯದಲ್ಲಿ. ಕೀ ಒತ್ತಿದ ಕ್ಷಣಕ್ಕೂ ಗುಂಡು ಹೊರಟ ಕ್ಷಣಕ್ಕೂ ನಡುವಿನ ಅಂತರ, ಒಂದು ಗುಂಡಿಗೂ ಮುಂದಿನದಕ್ಕೂ ನಡುವಿನ ಬಿಡುವು, ಶತ್ರು ಮೈಮೇಲೆ ಬರುವ ವೇಗ: ಈ ಮೂರು ಸರಿಯಿದ್ದರೆ ಬರೀ ಬಿಳಿ ಚೌಕಗಳ ಆಟವೂ ಕೈಬಿಡದಂತೆ ಹಿಡಿದಿಡುತ್ತದೆ. ಆದ್ದರಿಂದ ಆಟ ಕಟ್ಟುವಾಗ ಸಮಯದ ಲೆಕ್ಕ ಮೊದಲು ಬರಬೇಕು, ಚಿತ್ರ ಕೊನೆಗೆ.

ಇದಕ್ಕೆ 1978ರಲ್ಲಿ ಜಪಾನಿನ ಟೈಟೊ ಕಂಪನಿ ಹೊರತಂದ ‘ಸ್ಪೇಸ್ ಇನ್ವೇಡರ್ಸ್’ಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ತೊಮೊಹಿರೊ ನಿಶಿಕಾಡೊ ರೂಪಿಸಿದ ಆ ಆಟದಲ್ಲಿ ಸಾಲಿಗೆ 11ರಂತೆ ಐದು ಸಾಲು, ಒಟ್ಟು 55 ಶತ್ರುಗಳು. ಇಂಟೆಲ್ 8080 ಪ್ರೊಸೆಸರ್‌ಗೆ ಅಷ್ಟನ್ನೂ ಒಟ್ಟಿಗೆ ಸರಿಸುವ ಶಕ್ತಿ ಇರಲಿಲ್ಲ. ಸೆಕೆಂಡಿನ ಅರವತ್ತನೇ ಒಂದು ಭಾಗಕ್ಕೆ ಒಂದೇ ಶತ್ರು ಹೆಜ್ಜೆ ಇಡುತ್ತಿತ್ತು. ಹೀಗಾಗಿ ಇಡೀ ಪಡೆ ಒಂದು ಹೆಜ್ಜೆ ಮುಗಿಸಲು ಸುಮಾರು 0.9 ಸೆಕೆಂಡು ಬೇಕಾಗುತ್ತಿತ್ತು. ಶತ್ರುಗಳು ಸಾಯುತ್ತ ಹೋದಂತೆ ಸರದಿ ಬೇಗ ಬಂದು ಉಳಿದವರ ನಡಿಗೆ ಬಿರುಸಾಗುತ್ತಿತ್ತು. ಯಂತ್ರದ ಮಿತಿಯಿಂದ ಹುಟ್ಟಿದ ಈ ಏರುವೇಗವನ್ನು ನಿಶಿಕಾಡೊ ತೆಗೆದುಹಾಕದೆ ಉಳಿಸಿಕೊಂಡರು. ಅದರ ಜೊತೆಗೆ ನಾಲ್ಕು ಸ್ವರಗಳ ಹಿನ್ನೆಲೆ ಸದ್ದೂ ತೀವ್ರವಾಗುತ್ತಿತ್ತು. ಆ ಆಟದ ಚಿತ್ರಗಳು ಒರಟು ಚುಕ್ಕೆಗಳ ಗುಂಪು ಅಷ್ಟೇ. ಆಡುವವರ ಎದೆಬಡಿತ ಏರಿಸಿದ್ದು ಆ ಲಯ.

ಈಗ ಕೆಲಸಕ್ಕೆ ಇಳಿಯೋಣ. ಬೇಕಾದದ್ದು ಬ್ರೌಸರ್ ಮತ್ತು ನೋಟ್‌ಪ್ಯಾಡ್‌ನಂಥ ಒಂದು ಎಡಿಟರ್. ಒಂದೇ ಎಚ್‌ಟಿಎಂಎಲ್ ಫೈಲ್ ಮಾಡಿ, ಅದರಲ್ಲಿ 480 ಪಿಕ್ಸೆಲ್ ಅಗಲ, 640 ಪಿಕ್ಸೆಲ್ ಎತ್ತರದ ಕ್ಯಾನ್ವಾಸ್ ಇಡಿ, ಕೆಳಗೆ ಜಾವಾಸ್ಕ್ರಿಪ್ಟ್ ಬರೆಯಿರಿ. ನೌಕೆ, ಗುಂಡು, ಶತ್ರು ಎಲ್ಲವೂ ಸದ್ಯಕ್ಕೆ ಆಯತಗಳೇ ಆಗಿರಲಿ.

ಮೊದಲು ಬರೆಯಬೇಕಾದದ್ದು ಆಟದ ಲೂಪ್. ಬ್ರೌಸರ್‌ನ ‘ರಿಕ್ವೆಸ್ಟ್ ಅನಿಮೇಶನ್ ಫ್ರೇಮ್’ ಎಂಬ ಫಂಕ್ಷನ್, ನೀವು ಪ್ರತಿ ಫ್ರೇಮಿನಲ್ಲೂ ಅದನ್ನು ಮತ್ತೆ ಕರೆಯುತ್ತಿದ್ದರೆ, ಪರದೆ ಹೊಸದಾಗಿ ಮೂಡುವ ಪ್ರತಿ ಸಲ ನಿಮ್ಮ ಕೋಡನ್ನು ಕರೆದು, ಆ ಕ್ಷಣದ ಸಮಯವನ್ನು ಮಿಲಿಸೆಕೆಂಡುಗಳಲ್ಲಿ ಕೊಡುತ್ತದೆ. ಬಹಳ ಜನ ಆ ಸಂಖ್ಯೆಯನ್ನು ಗಮನಿಸದೆ, ಪ್ರತಿ ಫ್ರೇಮಿಗೆ ನೌಕೆಯನ್ನು 5 ಪಿಕ್ಸೆಲ್ ಸರಿಸಿ ಸುಮ್ಮನಾಗುತ್ತಾರೆ. ಸೆಕೆಂಡಿಗೆ 60 ಸಲ ಮೂಡುವ ಪರದೆಯಲ್ಲಿ ಆ ನೌಕೆ ಸೆಕೆಂಡಿಗೆ 300 ಪಿಕ್ಸೆಲ್ ಓಡುತ್ತದೆ. 120 ಸಲ ಮೂಡುವ ಫೋನಿನಲ್ಲಿ ಅದೇ ಕೋಡ್ 600 ಪಿಕ್ಸೆಲ್ ಓಡಿಸುತ್ತದೆ. ಒಂದೇ ಆಟ ಎರಡು ಕಡೆ ಎರಡು ಆಟವಾಗುತ್ತದೆ.

ಇಲ್ಲಿ ಒಂದು ನ್ಯಾಯವಾದ ಆಕ್ಷೇಪ ಬರುತ್ತದೆ. ‘ಸ್ಪೇಸ್ ಇನ್ವೇಡರ್ಸ್’ ಕೂಡ ವೇಗವನ್ನು ಫ್ರೇಮಿಗೇ ಕಟ್ಟಿಹಾಕಿತ್ತಲ್ಲ, ಅದು ಗೆಲ್ಲಲಿಲ್ಲವೇ? ಗೆದ್ದಿತು, ನಿಜ. ಆದರೆ ಆ ಕೋಡ್ ಬರೆದದ್ದು ಒಂದೇ ಬಗೆಯ ಯಂತ್ರಕ್ಕೆ, ಒಂದೇ ಬಗೆಯ ಪರದೆಗೆ. ಬ್ರೌಸರ್ ಆಟ ಯಾವ ಯಂತ್ರದಲ್ಲಿ ತೆರೆದುಕೊಳ್ಳುತ್ತದೆಂದು ಬರೆದವರಿಗೇ ಗೊತ್ತಿರುವುದಿಲ್ಲ. ಅಂದು ಯಂತ್ರ ತಾನಾಗಿ ಕೊಟ್ಟ ಲಯವನ್ನು ಇಂದು ನಾವೇ ಲೆಕ್ಕಹಾಕಿ ಬರೆಯಬೇಕು.

ಹಾಗೆ ಬರೆಯುವ ಭರವಸೆಯ ದಾರಿ ಹೀಗಿದೆ. ಹಿಂದಿನ ಫ್ರೇಮಿನಿಂದ ಕಳೆದ ಸಮಯವನ್ನು ಒಂದು ವೇರಿಯಬಲ್‌ನಲ್ಲಿ ಕೂಡಿಸುತ್ತ ಹೋಗಿ. ಅದರಲ್ಲಿ 1/120 ಸೆಕೆಂಡಿನಷ್ಟು ಸಮಯ ಇರುವವರೆಗೂ ಆಟವನ್ನು ಒಂದೊಂದೇ ಹೆಜ್ಜೆ ಮುಂದಕ್ಕೆ ನಡೆಸಿ, ಅಷ್ಟಷ್ಟನ್ನು ಕಳೆಯಿರಿ. ಎಲ್ಲ ಹೆಜ್ಜೆ ಮುಗಿದ ಮೇಲೆ ಒಮ್ಮೆ ಮಾತ್ರ ಚಿತ್ರ ಬಿಡಿಸಿ. ವೇಗಗಳೆಲ್ಲ ‘ಸೆಕೆಂಡಿಗೆ ಇಷ್ಟು ಪಿಕ್ಸೆಲ್’ ಎಂಬ ಲೆಕ್ಕದಲ್ಲಿರಲಿ. ಬೇರೆ ಟ್ಯಾಬಿಗೆ ಹೋದಾಗ ಲೂಪ್ ನಿಂತು, ಮರಳಿದಾಗ ಹತ್ತಾರು ಸೆಕೆಂಡುಗಳ ಬಾಕಿ ಒಮ್ಮೆಲೇ ಬಂದು ಬೀಳುತ್ತದೆ. ಹಾಗಾಗದಂತೆ ಒಂದು ಫ್ರೇಮಿನ ಸಮಯಕ್ಕೆ 50 ಮಿಲಿಸೆಕೆಂಡಿನ ಮಿತಿ ಹಾಕಿ.

ಈ ಸಣ್ಣ ಹೆಜ್ಜೆಯ ಲಾಭ ಡಿಕ್ಕಿಯ ಪರೀಕ್ಷೆಯಲ್ಲಿ ಕಾಣುತ್ತದೆ. ಎರಡು ಆಯತಗಳು ಅಡ್ಡಕ್ಕೂ ಉದ್ದಕ್ಕೂ ಒಂದರ ಮೇಲೊಂದು ಬಂದಿವೆಯೇ ಎಂದು ನೋಡಿದರೆ ಸಾಕು, ನಾಲ್ಕು ಹೋಲಿಕೆಗಳ ಕೆಲಸ. ಆದರೆ ಸೆಕೆಂಡಿಗೆ 600 ಪಿಕ್ಸೆಲ್ ಹಾರುವ, 8 ಪಿಕ್ಸೆಲ್ ಉದ್ದದ ಗುಂಡೊಂದು 20 ಪಿಕ್ಸೆಲ್ ಎತ್ತರದ ಶತ್ರುವಿನತ್ತ ಹೋಗುತ್ತಿದೆ ಎನ್ನಿ. ನಿಧಾನದ ಯಂತ್ರದಲ್ಲಿ ಒಂದು ಫ್ರೇಮ್ 50 ಮಿಲಿಸೆಕೆಂಡು ಹಿಡಿದರೆ ಗುಂಡು ಒಂದೇ ನೆಗೆತಕ್ಕೆ 30 ಪಿಕ್ಸೆಲ್ ದಾಟುತ್ತದೆ. ಎರಡರ ಉದ್ದ ಕೂಡಿದರೂ 28. ಹಾಗಾಗಿ ಗುಂಡು ಶತ್ರುವನ್ನು ತಾಗದೆಯೇ ಆಚೆ ಹೋಗಿಬಿಡಬಹುದು. ಸರಿಯಾಗಿ ಗುರಿಯಿಟ್ಟ ಆಟಗಾರನಿಗೆ ಇದಕ್ಕಿಂತ ದೊಡ್ಡ ಅನ್ಯಾಯವಿಲ್ಲ. 1/120 ಸೆಕೆಂಡಿನ ಹೆಜ್ಜೆಯಲ್ಲಾದರೆ ಗುಂಡು ಸರಿಯುವುದು 5 ಪಿಕ್ಸೆಲ್ ಮಾತ್ರ, ತಪ್ಪಿಹೋಗುವ ಮಾತೇ ಇಲ್ಲ.

ಕೀಬೋರ್ಡಿನಲ್ಲೂ ಇದೇ ಎಚ್ಚರ ಬೇಕು. ಕೀ ಒತ್ತಿದ ಸುದ್ದಿ ಬಂದೊಡನೆ ನೌಕೆ ಸರಿಸಿದರೆ ಅದು ಒಮ್ಮೆ ಕದಲಿ, ತುಸು ತಡೆದು, ಆಮೇಲೆ ಓಡುತ್ತದೆ. ಅಕ್ಷರ ಮರುಕಳಿಸಲು ಕೀಬೋರ್ಡ್ ತೆಗೆದುಕೊಳ್ಳುವ ವಿರಾಮ ಅದು. ಬದಲಿಗೆ ‘ಕೀಡೌನ್’ ಬಂದಾಗ ಆ ಕೀಯನ್ನು ಒಂದು ಪಟ್ಟಿಗೆ ಸೇರಿಸಿ, ‘ಕೀಅಪ್’ ಬಂದಾಗ ತೆಗೆಯಿರಿ, ಪ್ರತಿ ಹೆಜ್ಜೆಯಲ್ಲೂ ಪಟ್ಟಿ ನೋಡಿ ನೌಕೆ ಸರಿಸಿ. ವಿಂಡೋ ಗಮನ ಕಳೆದುಕೊಂಡಾಗ ಪಟ್ಟಿಯನ್ನು ಪೂರ್ತಿ ಖಾಲಿ ಮಾಡಿ, ಇಲ್ಲದಿದ್ದರೆ ನೌಕೆ ತಾನೇ ಓಡುತ್ತಿರುತ್ತದೆ. ಎಡಕ್ಕೆ ಬಲಕ್ಕೆ ಅಕ್ಷರದ ಕೀಗಳನ್ನು ಬಳಸುವುದಾದರೆ ಈವೆಂಟಿನ ‘ಕೀ’ ಬದಲು ‘ಕೋಡ್’ ನೋಡಿ. ಕನ್ನಡ ಕೀಲಿಮಣೆ ಆನ್ ಇದ್ದರೆ ‘ಕೀ’ ಕನ್ನಡ ಅಕ್ಷರ ಕೊಡುತ್ತದೆ. ‘ಕೋಡ್’ ಯಾವ ಜಾಗದ ಗುಂಡಿ ಒತ್ತಿದ್ದು ಎಂಬುದನ್ನೇ ಹೇಳುತ್ತದೆ.

ಗುಂಡುಗಳಿಗೆ ಒಂದು ಅರೇ ಸಾಕು. ಒಮ್ಮೆ ಹಾರಿಸಿದ ಮೇಲೆ 0.25 ಸೆಕೆಂಡು ಬಿಡುವು ಕೊಡಿ, ಪರದೆ ದಾಟಿದ್ದನ್ನು ಅಳಿಸಿ. ಹಳೆಯ ಆಟದಲ್ಲಿ ಪರದೆಯ ಮೇಲೆ ಆಟಗಾರನ ಒಂದೇ ಗುಂಡು ಇರಲು ಅವಕಾಶವಿತ್ತು. ಅದು ಗುರಿಯಿಡುವುದಕ್ಕೆ ಬೆಲೆ ತಂದಿತು. ನನ್ನ ಮಟ್ಟಿಗೆ, ಎಡೆಬಿಡದೆ ಗುಂಡು ಸುರಿಸುವ ಆಟಗಳಿಗಿಂತ ಅದೇ ಒಳ್ಳೆಯ ನಿಯಮ.

ಶತ್ರುಪಡೆಯನ್ನು 32 ಪಿಕ್ಸೆಲ್ ಅಂತರದಲ್ಲಿ 11 ಕಂಬಸಾಲುಗಳಾಗಿ ನಿಲ್ಲಿಸಿದರೆ 352 ಪಿಕ್ಸೆಲ್ ಆಗಿ, ಓಡಾಡಲು 128 ಉಳಿಯುತ್ತದೆ. ಅಂಚು ಮುಟ್ಟಿದ ಶತ್ರುವನ್ನು ಮಾತ್ರ ತಿರುಗಿಸಿದರೆ ಸಾಲು ಚದುರುತ್ತದೆ. ಯಾರಾದರೊಬ್ಬರು ಅಂಚು ಮುಟ್ಟಿದ್ದಾರೆಯೇ ಎಂದು ಮೊದಲು ನೋಡಿ, ಹೌದಾದರೆ ಎಲ್ಲರನ್ನೂ ಒಟ್ಟಿಗೆ ಕೆಳಗಿಳಿಸಿ ತಿರುಗಿಸಿ. ಇನ್ನು ನಿಶಿಕಾಡೊ ಅವರ ಲಯ: ಎರಡು ಹೆಜ್ಜೆಗಳ ನಡುವಿನ ಅವಧಿ ಎಂದರೆ ಉಳಿದವರ ಸಂಖ್ಯೆಯನ್ನು 60ರಿಂದ ಭಾಗಿಸಿದಷ್ಟು ಸೆಕೆಂಡು. ಹೆಜ್ಜೆ 8 ಪಿಕ್ಸೆಲ್ ಇದ್ದರೆ ಕೊನೆಯವನು ಸೆಕೆಂಡಿಗೆ 480 ಪಿಕ್ಸೆಲ್ ಓಡಿ ಕೈಗೆ ಸಿಗದಂತಾಗುತ್ತಾನೆ. ಆದ್ದರಿಂದ ಅವಧಿ 0.05 ಸೆಕೆಂಡಿಗಿಂತ ಕೆಳಗಿಳಿಯದಿರಲಿ.

ಫೇಸರ್‌ನಂಥ ಸಿದ್ಧ ಚೌಕಟ್ಟುಗಳು ಇರುವಾಗ ಇಷ್ಟೆಲ್ಲ ಕೈಯಾರೆ ಏಕೆ ಬರೆಯಬೇಕು ಎಂಬುದು ಇನ್ನೊಂದು ಪ್ರಶ್ನೆ. ದೊಡ್ಡ ಆಟಕ್ಕೆ ಅವು ಬೇಕೇ ಬೇಕು. ಆದರೆ ಫೇಸರ್ ಕೂಡ ಪ್ರತಿ ಫ್ರೇಮಿಗೆ ಕಳೆದ ಸಮಯವನ್ನು ನಿಮ್ಮ ಕೈಗೇ ಕೊಡುತ್ತದೆ. ಅದನ್ನು ಬಳಸದೆ ನೌಕೆ ಸರಿಸಿದರೆ ಅಲ್ಲೂ ಅದೇ ತಪ್ಪು. ಸಮಯ ಅರ್ಥವಾದವರಿಗೆ ಚೌಕಟ್ಟು ಶ್ರಮ ಉಳಿಸುತ್ತದೆ, ಆಗದವರಿಂದ ತಪ್ಪನ್ನು ಬಚ್ಚಿಡುತ್ತದೆ.

ಆಯತಗಳೇ ಆಡಲು ಖುಷಿ ಕೊಡತೊಡಗಿದ ಮೇಲೆ ಚಿತ್ರ ಹಾಕಿ. ಕೆನ್ನಿ ಎಂಬ ತಾಣದಲ್ಲಿ ಯಾರು ಬೇಕಾದರೂ ಬಳಸಬಹುದಾದ ನೌಕೆಗಳ ಚಿತ್ರಗಳು ಉಚಿತವಾಗಿ ಸಿಗುತ್ತವೆ. ಬಳಕೆದಾರರು ಒಮ್ಮೆಯಾದರೂ ಕ್ಲಿಕ್ ಮಾಡುವ ಅಥವಾ ಕೀ ಒತ್ತುವವರೆಗೆ ಸಾಮಾನ್ಯವಾಗಿ ಬ್ರೌಸರ್‌ಗಳು ಸದ್ದು ಹೊರಡಿಸಲು ಬಿಡುವುದಿಲ್ಲ, ಆದ್ದರಿಂದ ‘ಆಟ ಶುರು’ ಎಂಬ ಗುಂಡಿಯೊಂದು ಇರಲಿ. ಅದನ್ನೂ ಅಂಕಗಳನ್ನೂ ಕನ್ನಡದಲ್ಲೇ ಬರೆಯಿರಿ. ಕ್ಯಾನ್ವಾಸಿಗೆ ಯೂನಿಕೋಡ್ ಫಾಂಟ್ ಕೊಟ್ಟರೆ ಒತ್ತಕ್ಷರಗಳು ಸರಿಯಾಗಿಯೇ ಮೂಡುತ್ತವೆ. ಅತಿಹೆಚ್ಚಿನ ಅಂಕ ಉಳಿಸಲು ‘ಲೋಕಲ್ ಸ್ಟೋರೇಜ್’ ಇದೆ. ಎಲ್ಲ ಮುಗಿದ ಮೇಲೆ ಫೈಲುಗಳನ್ನು ಜಿಪ್ ಮಾಡಿ ಇಚ್.ಐಒಗೆ ಏರಿಸಬಹುದು, ಅಥವಾ ಗಿಟ್‌ಹಬ್ ಪೇಜಸ್‌ನಲ್ಲಿ ಇಡಬಹುದು. ಲಿಂಕ್ ಹಂಚುವ ಮೊದಲು ಒಂದು ಹಳೆಯ ಲ್ಯಾಪ್‌ಟಾಪಿನಲ್ಲೂ ಕೀಬೋರ್ಡ್ ಜೋಡಿಸಿದ ಒಂದು ಹೊಸ ಫೋನಿನಲ್ಲೂ ಆಟ ತೆರೆದು, ನೌಕೆ ಎಡದಂಚಿನಿಂದ ಬಲದಂಚಿಗೆ ಹೋಗಲು ಎರಡರಲ್ಲೂ ಒಂದೇ ಸಮಯ ಹಿಡಿಯುತ್ತದೆಯೇ ಎಂದು ಸ್ಟಾಪ್‌ವಾಚ್ ಹಿಡಿದು ನೋಡಿ. ವ್ಯತ್ಯಾಸ ಕಂಡರೆ ಚಿತ್ರಗಳನ್ನು ಹಾಗೇ ಬಿಟ್ಟು, ಲೂಪಿನ ಕೋಡನ್ನು ತೆರೆಯಿರಿ.