ಎಲೆಯ ಬಣ್ಣ ಬದಲಿಸುವ ಮೊಬೈಲ್ ಕ್ಯಾಮೆರಾ

ಹೋದ ಮುಂಗಾರಿನಲ್ಲಿ ಹುಮನಾಬಾದ್ ಹತ್ತಿರದ ನಮ್ಮ ಹೊಲದಾಗ ನಾಲ್ಕಾರು ತೊಗರಿ ಗಿಡಗಳ ಎಲೆ ತಿಳಿ ಹಸಿರಾಗಿ ಮಚ್ಚೆ ಬಿದ್ದಿದ್ದವು. ಸಂಜೆ ಫೋಟೋ ಹೊಡೆದು ತಜ್ಞರೊಬ್ಬರಿಗೆ ವಾಟ್ಸ್‌ಆ್ಯಪ್ ಮಾಡಿದೆ. "ಎಲೆ ಹಸಿರೇ ಅದಾವಲ್ಲ ತಮ್ಮಾ" ಅಂದರು. ಸುಮ್ಮನಾದೆ. ಆಮೇಲೆ ನೋಡಿದರೆ ಸಾಲಿಗೆ ಸಾಲೇ ಗೊಡ್ಡು ರೋಗ. ಬರಿಗಣ್ಣಿಗೆ ಕಾಣದ ನುಸಿ ಇದನ್ನು ಹರಡುತ್ತದೆ. ಎಳೆಯದರಲ್ಲೇ ಹತ್ತಿದರೆ ಗಿಡ ಹೂ ಬಿಡೋದೇ ಇಲ್ಲ. ಮೊದಲ ಗಿಡಗಳನ್ನು ಅಂದೇ ಕಿತ್ತು ಹಾಕಬೇಕಿತ್ತು.

ತಪ್ಪು ತಜ್ಞರದಲ್ಲ, ನನ್ನ ಫೋಟೋದ್ದು. 'ಎಐ ಸೀನ್' ಆನ್ ಇದ್ದರೆ ಎಷ್ಟೋ ಮೊಬೈಲ್‌ಗಳು ಗಿಡ ಕಂಡ ಕೂಡಲೇ ಹಸಿರು ಏರಿಸುತ್ತವೆ. ಮದುವೆ ಫೋಟೋಕ್ಕೆ ಚಂದ, ರೋಗದ ಎಲೆಗಲ್ಲ. ಬೆಳಕು ಕಡಿಮೆಯಾದರೆ ಐಎಸ್‌ಒ ಏರಿ ಚಿತ್ರದ ತುಂಬ ಮರಳು ಚೆಲ್ಲಿದಂಥ ನಾಯ್ಸ್ ಬರುತ್ತದೆ. ಅದನ್ನು ಒರೆಸುವಾಗ ಮೊಬೈಲು ಎಲೆಯ ಸಣ್ಣ ಚುಕ್ಕೆಗಳನ್ನೂ ಒರೆಸಿಬಿಡುತ್ತದೆ.

ಈಗ ಬೆಳಿಗ್ಗೆ ಬಿಸಿಲು ಬಂದ ಮೇಲೇ ಹೊಡೆಯುತ್ತೇನೆ. ಎಐ ಸೀನ್, ಫಿಲ್ಟರ್ ಎರಡೂ ಬಂದ್. ಪ್ರೊ ಮೋಡ್‌ನಲ್ಲಿ ಐಎಸ್‌ಒ 100, ವೈಟ್ ಬ್ಯಾಲೆನ್ಸ್ ಸೂರ್ಯನ ಗುರುತಿಗೆ, ಅಂದರೆ ಸುಮಾರು 5,500 ಕೆಲ್ವಿನ್. ನಾಯ್ಸ್ ರಿಡಕ್ಷನ್ ಬಂದ್ ಮಾಡುವ ಬಟನ್ ಬಹಳ ಮೊಬೈಲ್‌ಗಳಲ್ಲಿ ಇರೋದಿಲ್ಲ. ಬೆಳಕು ಚೆನ್ನಾಗಿದ್ದರೆ ಅದಕ್ಕೆ ಕೆಲಸವೇ ಕಡಿಮೆ. ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಅಂತ ಕಳಿಸಬೇಡಿ, ಕುಗ್ಗಿಸುತ್ತದೆ. ಡಾಕ್ಯುಮೆಂಟ್ ಅಂತ ಕಳಿಸಿ.

ಬಸವಕಲ್ಯಾಣದ ನನ್ನ ಗೆಳೆಯನ ಹಳೇ ಮೊಬೈಲ್‌ನಲ್ಲಿ ಪ್ರೊ ಮೋಡೇ ಇಲ್ಲ. ಅವನು ಬಿಳಿ ಹಾಳೆಯ ಮೇಲೆ ರೋಗದ ಎಲೆ, ಪಕ್ಕಕ್ಕೊಂದು ಒಳ್ಳೆ ಎಲೆ ಇಟ್ಟು ಹೊಡೆಯುತ್ತಾನೆ. ಮೊನ್ನೆ ಕಳಿಸಿದ ಸೋಯಾ ಎಲೆ ನೋಡಿ ಹಳದಿ ಮೊಸಾಯಿಕ್ ಇರಬೇಕು ಅಂತ ನನಗೇ ಅನಿಸಿತು.