ರೇಡಾರಿಗೆ ತಕ್ಕ ನೆಲೆ ಯಾವುದು?

ಇಂಡಿಯಿಂದಾಗಲಿ ಬಸವನ ಬಾಗೇವಾಡಿಯಿಂದಾಗಲಿ ವಿಜಯಪುರಕ್ಕೆ ಹೊರಟವರಿಗೆ ಊರಿನ ಮನೆಗಳು ಕಾಣುವುದಕ್ಕೆ ಮುಂಚೆ ಗೋಲಗುಂಬಜದ ಗುಮ್ಮಟ ಕಣ್ಣಿಗೆ ಬೀಳುತ್ತದೆ. ಸಮುದ್ರದಲ್ಲಿ ದೂರದಿಂದ ಬರುವ ಹಡಗಿನ ಒಡಲಿಗಿಂತ ಮೊದಲು ಅದರ ಕಂಬದ ತುದಿ ಕಾಣುವುದೂ ಇದೇ ಕಾರಣದಿಂದ. ಭೂಮಿ ದುಂಡಗಿರುವುದರಿಂದ ಎತ್ತರವಾದದ್ದು ಮೊದಲು ಗೋಚರಿಸುತ್ತದೆ; ಎತ್ತರದಲ್ಲಿ ನಿಂತವನ ನೋಟವೂ ಹೆಚ್ಚು ದೂರ ಸಾಗುತ್ತದೆ. ಹಾಗಿದ್ದಮೇಲೆ ರೇಡಾರ್ ಯಂತ್ರವನ್ನು ಸಾಧ್ಯವಾದಷ್ಟು ಎತ್ತರದಲ್ಲಿಟ್ಟರೆ ಸಾಲದೆ? ಸಾಲದು. ಏಕೆಂಬುದನ್ನು ಮೊದಲು ಒಂದು ಹಾಯಿದೋಣಿಯಲ್ಲಿ, ಅನಂತರ ನಮ್ಮ ಬಯಲುಸೀಮೆಯಲ್ಲಿ ಪರಿಶೀಲಿಸೋಣ.

ರೇಡಾರಿನ ತತ್ತ್ವ ಸರಳವಾದುದು. ಅದರ ಆಂಟೆನಾ ರೇಡಿಯೋ ಅಲೆಗಳ ಒಂದು ಚಿಕ್ಕ ಮಿಡಿತವನ್ನು ಹೊರಕ್ಕೆ ಕಳುಹಿಸುತ್ತದೆ. ಅಲೆಗಳು ಹಡಗಿಗೋ ಮಳೆಹನಿಗಳಿಗೋ ತಾಗಿ ಭಾಗಶಃ ಹಿಂದಿರುಗುತ್ತವೆ. ಹೋಗಿ ಬರಲು ಹಿಡಿದ ಕಾಲದಿಂದ ದೂರವನ್ನು ಲೆಕ್ಕ ಹಾಕುತ್ತಾರೆ. ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಭಾಗ ಹಿಡಿದರೆ ವಸ್ತು 150 ಮೀಟರ್ ದೂರದಲ್ಲಿದೆ ಎಂದರ್ಥ.

ಹಾಯಿದೋಣಿಯ ಮೇಲೆ

ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನಲ್ಲಿ ಹುಟ್ಟುವ ಮಹದಾಯಿ ನದಿ ಗೋವೆಯ ಮೂಲಕ ಕಡಲನ್ನು ಸೇರುತ್ತದೆ. ಆ ನದಿಯ ಹೆಸರನ್ನು ಹೊತ್ತ, ಸುಮಾರು 17 ಮೀಟರ್ ಉದ್ದದ ‘ಮಹದೇಯಿ’ ಎಂಬ ನೌಕಾಪಡೆಯ ಹಾಯಿದೋಣಿಯಲ್ಲಿ ದಿಲೀಪ್ ದೋಂದೆಯವರು 2009-10ರಲ್ಲಿ ಒಬ್ಬರೇ ಪ್ರಪಂಚವನ್ನು ಸುತ್ತಿ ಬಂದರು. ಅದೇ ಮಾದರಿಯ ‘ತಾರಿಣಿ’ಯಲ್ಲಿ ನೌಕಾಪಡೆಯ ಆರು ಮಂದಿ ಮಹಿಳಾ ಅಧಿಕಾರಿಗಳು 2017ರ ಸೆಪ್ಟೆಂಬರಿನಲ್ಲಿ ಗೋವೆಯಿಂದ ಹೊರಟು, ಭೂಪ್ರದಕ್ಷಿಣೆ ಮುಗಿಸಿ 2018ರ ಮೇ ತಿಂಗಳಲ್ಲಿ ಹಿಂದಿರುಗಿದರು. ಇಂತಹ ದೋಣಿಗೆ ಮಂಜಿನಲ್ಲಿ, ಇರುಳಿನಲ್ಲಿ ದೊಡ್ಡ ಹಡಗೊಂದು ಎದುರಾದರೆ ಕಾಣದೆ ಹೋಗುವುದು ಪ್ರಾಣಕ್ಕೇ ಅಪಾಯ. ಆದರೆ ಹಾಯಿದೋಣಿಯ ಮೇಲೆ ರೇಡಾರಿಗೆ ದೊರೆಯುವ ನೆಲೆಗಳು ಮುಖ್ಯವಾಗಿ ಎರಡೇ: ಹಾಯಿಯನ್ನು ಹೊರುವ ಕೂವೆಕಂಬ, ಇಲ್ಲವೆ ದೋಣಿಯ ಹಿಂಭಾಗದಲ್ಲಿ ನಿಲ್ಲಿಸಿದ ಒಂದು ಗಿಡ್ಡ ಕಂಬ.

ಆಂಟೆನಾದ ಎತ್ತರವನ್ನು ಮೀಟರುಗಳಲ್ಲಿ ಬರೆದುಕೊಂಡು ಅದರ ವರ್ಗಮೂಲವನ್ನು 4.1ರಿಂದ ಗುಣಿಸಿದರೆ ರೇಡಾರಿನ ದಿಗಂತವು ಕಿಲೋಮೀಟರುಗಳಲ್ಲಿ ದೊರೆಯುತ್ತದೆ. 4 ಮೀಟರ್ ಎತ್ತರದ ಗಿಡ್ಡ ಕಂಬಕ್ಕೆ ಇದು ಸುಮಾರು 8 ಕಿಲೋಮೀಟರ್. ಕೂವೆಕಂಬದ ಮೇಲೆ 9 ಮೀಟರ್ ಎತ್ತರದಲ್ಲಿಟ್ಟರೆ ಸುಮಾರು 12 ಕಿಲೋಮೀಟರ್. ಎದುರಿನ ಹಡಗು 25 ಮೀಟರ್ ಎತ್ತರವಿದ್ದರೆ ಅದರ ಪಾಲಿನ 20 ಕಿಲೋಮೀಟರನ್ನೂ ಕೂಡಿಸಬೇಕು. ಅಂದರೆ 28ಕ್ಕೆ ಬದಲಾಗಿ 32 ಕಿಲೋಮೀಟರ್. ಎತ್ತರ ಎರಡು ಪಟ್ಟಿಗಿಂತ ಹೆಚ್ಚಾದರೂ ಲಾಭ ಏಳರಲ್ಲೊಂದು ಪಾಲು ಮಾತ್ರ!

ಈ ಲಾಭಕ್ಕೆ ತೆರಬೇಕಾದ ಬೆಲೆಯನ್ನು ಗಮನಿಸಿ. ಮೊದಲನೆಯದು ತೂಕ. 8 ಕಿಲೋಗ್ರಾಮಿನ ಯಂತ್ರ 9 ಮೀಟರ್ ಮೇಲಿದ್ದರೆ, 4 ಮೀಟರ್ ಮೇಲಿದ್ದಾಗಿನದಕ್ಕಿಂತ ಎರಡು ಪಟ್ಟಿಗೂ ಮಿಗಿಲಾಗಿ ದೋಣಿಯನ್ನು ವಾಲಿಸಲು ಹವಣಿಸುತ್ತದೆ. ಎರಡನೆಯದು ಸಮೀಪದ ಕುರುಡು. ಚಿಕ್ಕ ರೇಡಾರಿನ ಕಿರಣಪುಂಜ ಮೇಲಿನಿಂದ ಕೆಳಕ್ಕೆ ಸುಮಾರು 25 ಅಂಶ ಹರಡಿರುತ್ತದೆ. ಅದರ ಅರ್ಧ ಮಾತ್ರ ದಿಗಂತದ ಕೆಳಗೆ. ಆದ್ದರಿಂದ 4 ಮೀಟರ್ ಎತ್ತರದಿಂದ ಅದು 18 ಮೀಟರ್ ಆಚೆಗೆ ನೀರನ್ನು ಮುಟ್ಟಿದರೆ, 9 ಮೀಟರ್ ಎತ್ತರದಿಂದ 40 ಮೀಟರ್ ಆಚೆಗೆ ಮುಟ್ಟುತ್ತದೆ. ಮೂರನೆಯದು ಕಂಬದ ನೆರಳು. 20 ಸೆಂಟಿಮೀಟರ್ ದಪ್ಪದ ಕೂವೆಕಂಬದ ಮುಂದೆ, 40 ಸೆಂಟಿಮೀಟರ್ ಅಂತರದಲ್ಲಿ ಆಂಟೆನಾ ಇದ್ದರೆ ಹಿಂದುಗಡೆ ಸುಮಾರು 28 ಅಂಶದಷ್ಟು ದಿಕ್ಕು ಮರೆಯಾಗುತ್ತದೆ. ಅದೇ ಕಂಬ 8 ಮೀಟರ್ ದೂರದಲ್ಲಿದ್ದರೆ ಮರೆಯಾಗುವುದು ಒಂದೂವರೆ ಅಂಶಕ್ಕೂ ಕಡಿಮೆ.

ಇನ್ನೊಂದು ತೊಡಕು ಹಾಯಿದೋಣಿಗೇ ವಿಶಿಷ್ಟವಾದುದು. ಗಾಳಿ ಬಲವಾದಾಗ ಅದು 20 ಅಂಶದವರೆಗೂ ವಾಲಿಕೊಂಡೇ ಸಾಗುತ್ತದೆ. ಆಗ ಗಾಳಿ ಬೀಸುವ ಬದಿಯಲ್ಲಿ ಕಿರಣಪುಂಜದ ಕೆಳ ಅಂಚೂ ದಿಗಂತದಿಂದ ಮೇಲಕ್ಕೆದ್ದು ರೇಡಾರ್ ಬರಿಯ ಆಕಾಶವನ್ನು ನೋಡುತ್ತದೆ. ಮತ್ತೊಂದು ಬದಿಯಲ್ಲಿ ಕಿರಣಪುಂಜ ಹತ್ತಿರದ ನೀರಿನಲ್ಲಿ ಮುಳುಗುತ್ತದೆ. ದೋಣಿ ವಾಲಿದರೂ ಯಂತ್ರವು ಮಟ್ಟವಾಗಿ ನಿಲ್ಲುವಂತೆ ತೂಗುಹಾಕುವುದೇ ಇದಕ್ಕೆ ಪರಿಹಾರ. ಗಿಡ್ಡ ಕಂಬದ ಮೇಲೆ ಈ ಏರ್ಪಾಡು ಸುಲಭ. ಹತ್ತಿರದ ಮೀನುದೋಣಿಗಳಿಗೆ ಹೆದರುವವನು ಗಿಡ್ಡ ಕಂಬವನ್ನೂ, ದೂರದ ಕರಾವಳಿಯನ್ನೂ ಮಳೆಮೋಡವನ್ನೂ ಬಯಸುವವನು ಕೂವೆಕಂಬವನ್ನೂ ಆರಿಸಿಕೊಳ್ಳುವುದು ನ್ಯಾಯ. ಗಮನಿಸಬೇಕಾದ ಮಾತೊಂದಿದೆ: ಈ ದೋಷಗಳಲ್ಲಿ ಒಂದನ್ನೂ ಯಂತ್ರದ ಶಕ್ತಿಯನ್ನು ಹೆಚ್ಚಿಸಿ ನಿವಾರಿಸಲಾಗದು.

ಬಯಲುಸೀಮೆಯಲ್ಲಿ

ಕಡಲಿಲ್ಲದ ನಮ್ಮ ನಾಡಿಗೆ ಇದರಿಂದೇನು ಎನ್ನಬೇಡಿ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ವಿಜಯಪುರ ಜಿಲ್ಲೆಯ ರೈತರು ಶೆಡ್ಡುಗಳಲ್ಲಿ ದ್ರಾಕ್ಷಿಯನ್ನು ಒಣಗಿಸುತ್ತಾರೆ. ಆಗ ಅಕಾಲದ ಮಳೆ ಬಂದರೆ ವರ್ಷದ ದುಡಿಮೆ ಹಾಳು. ಒಂದು ಗಂಟೆ ಮೊದಲು ಸೂಚನೆ ದೊರೆತರೂ ತಾಡಪತ್ರಿ ಕಟ್ಟಬಹುದು. ಹೊಲದಲ್ಲಿರುವವರು ಸಿಡಿಲಿಗೆ ಸಿಕ್ಕದೆ ಮನೆ ಸೇರಬಹುದು. ಆ ಸೂಚನೆ ಕೊಡಬಲ್ಲದ್ದು ಹವಾಮಾನದ ರೇಡಾರ್. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆಯವರು 2018 ಮತ್ತು 2019ರ ಮಳೆಗಾಲಗಳಲ್ಲಿ ಮೋಡಬಿತ್ತನೆಯ ಪ್ರಯೋಗಕ್ಕಾಗಿ ಸೊಲ್ಲಾಪುರದಲ್ಲಿ ಅಂತಹ ರೇಡಾರೊಂದನ್ನು ಬಳಸಿದರು.

ಸೊಲ್ಲಾಪುರದ ಒಂದು ರೇಡಾರ್ ನಮ್ಮ ನಾಲ್ಕು ತಾಲ್ಲೂಕುಗಳನ್ನು ಹೇಗೆ ಕಂಡೀತು? ನೆಲದ ಮರಗಿಡಗಳು ಅಡ್ಡವಾಗದಂತೆ ಕಿರಣಪುಂಜವನ್ನು ಸಾಮಾನ್ಯವಾಗಿ ಅರ್ಧ ಅಂಶ ಮೇಲಕ್ಕೆತ್ತುತ್ತಾರೆ. ದೂರ ಹೋದಂತೆ ಭೂಮಿಯೂ ಅದರ ಕೆಳಗೆ ಬಾಗಿ ಜಾರುತ್ತದೆ. ವಾತಾವರಣವು ಅಲೆಗಳನ್ನು ಸ್ವಲ್ಪ ಕೆಳಕ್ಕೆ ಬಾಗಿಸುವುದನ್ನೂ ಸೇರಿಸಿದರೆ ಸೂತ್ರ ಹೀಗಾಗುತ್ತದೆ: ದೂರದ ವರ್ಗವನ್ನು 17,000ದಿಂದ ಭಾಗಿಸಿ, ಅದಕ್ಕೆ ದೂರದ 0.0087 ಪಟ್ಟನ್ನು ಕೂಡಿಸಿ. ಎಲ್ಲವೂ ಕಿಲೋಮೀಟರುಗಳಲ್ಲಿ. ಊರುಗಳ ನೆಲಮಟ್ಟದ ವ್ಯತ್ಯಾಸವನ್ನು ಸದ್ಯಕ್ಕೆ ಬಿಡೋಣ.

ನೇರವಾಗಿ ಅಳೆದರೆ ಸೊಲ್ಲಾಪುರದಿಂದ ಇಂಡಿ ಸುಮಾರು 53 ಕಿಲೋಮೀಟರ್, ಸಿಂದಗಿ 89, ಬಸವನ ಬಾಗೇವಾಡಿ 121, ಮುದ್ದೇಬಿಹಾಳ 148. ಕಿರಣಪುಂಜದ ನಡುವಿನ ಎತ್ತರ ಇಂಡಿಯ ಮೇಲೆ 0.6, ಸಿಂದಗಿಯ ಮೇಲೆ 1.2, ಬಾಗೇವಾಡಿಯ ಮೇಲೆ 1.9, ಮುದ್ದೇಬಿಹಾಳದ ಮೇಲೆ 2.6 ಕಿಲೋಮೀಟರ್ ಆಗುತ್ತದೆ. ಮುದ್ದೇಬಿಹಾಳದಲ್ಲಿ ಆಕಾಶಕ್ಕೇರಿದ ಗುಡುಗುಮೋಡವೇನೋ ಕಂಡೀತು. ಆದರೆ ತಗ್ಗಿನ ಮೋಡದಿಂದ ಸುರಿಯುವ ಮಳೆ ತಪ್ಪಿಹೋಗಬಹುದು. ಮೇಲೆ ಕಂಡ ಮಳೆಹನಿ ನೆಲ ಮುಟ್ಟುವುದರೊಳಗೆ ಒಣಗಿಹೋಗಲೂಬಹುದು. ಇದಲ್ಲದೆ, ನಡುವೆ ಇಂಡಿಯಲ್ಲಿ ಜಡಿಮಳೆ ಸುರಿಯುತ್ತಿದ್ದರೆ 5 ಸೆಂಟಿಮೀಟರಿನ ಅಲೆಗಳು ಅದರಲ್ಲೇ ಕುಂದುತ್ತವೆ. ಆಗ ಮಳೆಯೇ ಕೂವೆಕಂಬದಂತೆ ನೆರಳು ಚೆಲ್ಲುತ್ತದೆ.

ಅದೇ ಯಂತ್ರವನ್ನು ಬಾಗೇವಾಡಿಯ ಬಳಿ ನಿಲ್ಲಿಸಿದೆವೆನ್ನೋಣ. ಮುದ್ದೇಬಿಹಾಳ 31, ಸಿಂದಗಿ 48, ಇಂಡಿ 68 ಕಿಲೋಮೀಟರ್. ಮೂರರ ಮೇಲೆಯೂ ಕಿರಣಪುಂಜ 0.9 ಕಿಲೋಮೀಟರಿಗಿಂತ ಕೆಳಗಿರುತ್ತದೆ. ಆದರೆ ಆಂಟೆನಾ 20 ಅಂಶಕ್ಕಿಂತ ಮೇಲೆ ನೋಡದಿದ್ದರೆ, 10 ಕಿಲೋಮೀಟರ್ ದೂರದಲ್ಲಿ 3.6 ಕಿಲೋಮೀಟರಿಗಿಂತ ಮೇಲಿನದೆಲ್ಲ ಅದಕ್ಕೆ ಅಗೋಚರ. ಅಂದರೆ ಬಾಗೇವಾಡಿಯ ನೆತ್ತಿಯ ಮೇಲೇ ಬೆಳೆಯುವ ಮೋಡವನ್ನು ಬಾಗೇವಾಡಿಯ ರೇಡಾರು ಪೂರ್ತಿಯಾಗಿ ಕಾಣದು; ಅದನ್ನು ನೆರೆಯ ಊರಿನ ರೇಡಾರೇ ಕಾಣಬೇಕು.

ದೋಣಿಯಲ್ಲಿ ಕಂಡ ನ್ಯಾಯವೇ ಇಲ್ಲಿಯೂ ನಡೆಯಿತು. ದೂರವನ್ನು ಬಯಸಿದರೆ ಸಮೀಪ ತಪ್ಪುತ್ತದೆ, ಸಮೀಪವನ್ನು ಬಯಸಿದರೆ ದೂರ ತಪ್ಪುತ್ತದೆ. ಏನನ್ನು ಕಾಣಬೇಕೆಂಬುದನ್ನು ಮೊದಲು ನಿಶ್ಚಯಿಸಿ, ಅನಂತರ ನೆಲೆಯನ್ನು ಹುಡುಕಬೇಕು. ವಿದ್ಯಾರ್ಥಿಗಳು ಭೂಪಟವನ್ನೂ ಅಳತೆಪಟ್ಟಿಯನ್ನೂ ತೆಗೆದುಕೊಂಡು, ರೇಡಾರು ಸಿಂದಗಿಯಲ್ಲಿದ್ದರೆ ತಮ್ಮ ಊರಿನ ಮೇಲೆ ಅದರ ಕಿರಣಪುಂಜ ಎಷ್ಟು ಎತ್ತರದಲ್ಲಿ ಹಾದುಹೋದೀತೆಂಬುದನ್ನು ತಾವೇ ಲೆಕ್ಕ ಮಾಡಿ ನೋಡಲಿ.