ಗೋಡೆ ಮುಚ್ಚುವ ಮೊದಲು

ಮೈಸೂರು,
ನೀರು ತುಂಬುವ ಹಬ್ಬದ ಸಂಜೆ

ಪ್ರೀತಿಯ ಅಳಿಯನಿಗೆ,

ನಿಮ್ಮತ್ತೆ ತಾಮ್ರದ ಹಂಡೆಗೆ ಹುಣಸೆಹಣ್ಣು ಹಚ್ಚಿ ತಿಕ್ಕಿ, ಕೊರಳಿಗೆ ಹಾಗಲ ಬಳ್ಳಿ ಸುತ್ತಿ, ನೀರು ತುಂಬಿ ಈಗಷ್ಟೇ ಪೂಜೆ ಮುಗಿಸಿದಳು. ತಾರಸಿ ಮೇಲೆ ಸೋಲಾರ್ ಬಂದು ಎಷ್ಟೋ ವರ್ಷವಾಯಿತು. ಆದರೂ ನಾಳೆ ಬೆಳಗಿನ ಎಣ್ಣೆಸ್ನಾನಕ್ಕೆ ಬಚ್ಚಲೊಲೆಯ ನೀರೇ ಆಗಬೇಕು ಅವಳಿಗೆ. ಪೂಜೆಯ ಹೊತ್ತಿಗೇ ನಿಮ್ಮಮ್ಮನ ಫೋನ್ ಬಂತು. ನೀನು ಕಾಂಟ್ರಾಕ್ಟರ ಹತ್ತಿರದ ಕೆಲಸ ಬಿಟ್ಟು ಬೆಂಗಳೂರಿನಲ್ಲೇ ಸ್ವಂತವಾಗಿ ಪ್ಲಂಬಿಂಗು, ಸೋಲಾರು, ಗೀಸರಿನ ಕೆಲಸ ಹಿಡಿಯುತ್ತೀಯಂತೆ. "ತಿಂಗಳ ಸಂಬಳ ಬಿಡ್ತಾನಂತೆ, ನೀನಾದರೂ ಬುದ್ಧಿ ಹೇಳಣ್ಣ" ಅಂದಳು. ಬೇಡ ಅನ್ನಲು ನನಗೆ ಮನಸ್ಸು ಬರಲಿಲ್ಲ. ನೀನು ಐಟಿಐ ಮುಗಿಸಿ ನಾಲ್ಕು ವರ್ಷ ಬೇರೆಯವರ ಕೈಕೆಳಗೆ ದುಡಿದಿದ್ದೀಯ, ಕೈ ಹದಕ್ಕೆ ಬಂದಿದೆ. ಹೇಳಬೇಕಾದ ನಾಲ್ಕು ಮಾತಿದೆ, ಫೋನಿನಲ್ಲಿ ಹೇಳಿದರೆ ನಿಲ್ಲುವುದಿಲ್ಲ ಎಂದು ಕಾಗದ ಬರೆಯುತ್ತಿದ್ದೇನೆ.

ಬಡಗಿ ಮಾಡಿದ ಬಾಗಿಲನ್ನು ಮನೆಯವರು ದಿನಾ ನೋಡುತ್ತಾರೆ, ಬಣ್ಣದವನ ಕೆಲಸವನ್ನು ಬಂದವರೆಲ್ಲ ನೋಡುತ್ತಾರೆ. ನಮ್ಮದು ಹಾಗಲ್ಲ ಕಣಪ್ಪ. ಗಾರೆ ಬಿದ್ದು ಟೈಲ್ಸ್ ಕೂತರೆ ಮುಗಿಯಿತು, ನಾವು ಮಾಡಿದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ಕಾಂಟ್ರಾಕ್ಟರ ಹತ್ತಿರ ಇದ್ದಾಗ ತಪ್ಪಿದರೆ ತಿದ್ದಲು ಸೂಪರ್‌ವೈಸರ್ ಇದ್ದ. ಇನ್ನು ಮೇಲೆ ಗೋಡೆ ಮುಚ್ಚುವ ಮೊದಲು ಅದನ್ನು ನೋಡುವ ಕೊನೆಯ ಕಣ್ಣು ನಿನ್ನದೇ. ನಾನು ಇದನ್ನು ಕಲಿತದ್ದು ಕೈ ಸುಟ್ಟುಕೊಂಡು.

ಸಿಪಿವಿಸಿ ಪೈಪು ನಮ್ಮ ಕಡೆ ಹೊಸದಾಗಿ ಬಂದಿದ್ದ ಕಾಲ. ಅಲ್ಲಿಯವರೆಗೆ ಜಿಐ ಪೈಪಿಗೆ ಡೈ ಹಾಕಿ ಮರೆ ಕೊರೆದು, ಸೆಣಬಿನ ನಾರು ಸುತ್ತಿ, ಸಫೇದಾ ಬಳಿದು ಬಿಗಿಯುವುದೇ ನಮ್ಮ ಕೆಲಸವಾಗಿತ್ತು. ಜಿಐ ಜಾಯಿಂಟು ಜಿನುಗಿದರೆ ಇನ್ನೊಂದು ಸುತ್ತು ಬಿಗಿಯಬಹುದಿತ್ತು. ಅಂಟು ಹಾಕಿ ಜೋಡಿಸುವ ಸಿಪಿವಿಸಿಯಲ್ಲಿ ಆ ಅವಕಾಶವಿಲ್ಲ. ಒಂದು ಮನೆಯಲ್ಲಿ ಗೃಹಪ್ರವೇಶದ ಅವಸರ. ಎಲ್ಲ ಪೈಪುಗಳನ್ನೂ ಅಂಟಿಲ್ಲದೆ ಹಾಗೇ ಜೋಡಿಸಿ ಅಳತೆ ನೋಡಿಕೊಂಡು, ಒಂದೊಂದಾಗಿ ಬಿಚ್ಚಿ ಅಂಟು ಹಾಕುತ್ತಾ ಬಂದೆ. ಮೂಲೆಯ ಒಂದು ಎಲ್ಬೋ ಬಿಚ್ಚುವುದನ್ನು ಮರೆತೆ. ಬಿಗಿಯಾಗಿ ಕೂತಿತ್ತು, ಓವರ್‌ಹೆಡ್ ಟ್ಯಾಂಕಿನ ಒತ್ತಡಕ್ಕೆ ಮೂರು ತಿಂಗಳು ತಡೆದೂ ಇತ್ತು. ಮನೆಯವರು ಪ್ರೆಷರ್ ಪಂಪು ಹಾಕಿಸಿದ ವಾರವೇ ರಾತ್ರಿ ಕಳಚಿಕೊಂಡಿತು. ಬೆಳಗಾಗುವ ಹೊತ್ತಿಗೆ ಕೆಳಗಿನ ಮನೆಯ ಸೂರೆಲ್ಲ ನೆಂದು ಹೋಗಿತ್ತು. ಟೈಲ್ಸ್ ಒಡೆದು, ಹೊಸದು ತಂದು, ಕೆಳಗಿನವರ ಗೋಡೆಗೆ ಬಣ್ಣ ಹೊಡೆಸಿ ಕೊಟ್ಟೆ. ಒಂದು ತಿಂಗಳ ದುಡಿಮೆ ಅದಕ್ಕೇ ಹೋಯಿತು. ಮನೆಯ ಯಜಮಾನರು ಬಯ್ಯಲಿಲ್ಲ. ಬಂದು ಪಕ್ಕದಲ್ಲಿ ಕೂತು ನೋಡುತ್ತಿದ್ದರು ಅಷ್ಟೆ. ಬೈದಿದ್ದರೆ ಒಳ್ಳೆಯದಿತ್ತು ಎಂದು ಇವತ್ತಿಗೂ ಅನ್ನಿಸುತ್ತದೆ.

ಅವತ್ತಿನಿಂದ ನನ್ನ ಕಿವಿಯ ಮೇಲೆ ಪೆನ್ಸಿಲ್ ತಪ್ಪಲಿಲ್ಲ. ಪೈಪನ್ನು ನೇರವಾಗಿ ಕತ್ತರಿಸು, ಒಳಗಿನ ಹೊರಗಿನ ಚೂರು ಕೆರೆದು ತೆಗೆ, ಒಣ ಬಟ್ಟೆಯಲ್ಲಿ ಒರೆಸು. ಫಿಟ್ಟಿಂಗಿನ ಒಳಗೆ ಎಷ್ಟು ಹೋಗಬೇಕೋ ಅಲ್ಲಿಗೆ ಪೆನ್ಸಿಲ್ ಗೆರೆ ಹಾಕು. ಅಂಟನ್ನು ಪೈಪಿಗೂ ಫಿಟ್ಟಿಂಗಿಗೂ ಬಳಿದು, ಕಾಲು ಸುತ್ತು ತಿರುಗಿಸುತ್ತಾ ಗೆರೆಯವರೆಗೆ ಒತ್ತಿ, ಮೂವತ್ತು ಎಣಿಸುವ ತನಕ ಕೈ ಬಿಡಬೇಡ. ಬಿಟ್ಟರೆ ಪೈಪು ಹಿಂದಕ್ಕೆ ಜಾರುತ್ತದೆ. ಅಂಚಿನ ಸುತ್ತ ಅಂಟು ಸಣ್ಣ ಉಂಗುರದ ಹಾಗೆ ಉಬ್ಬಿ ಬಂದಿರಬೇಕು. ಅದನ್ನು ಒರೆಸಿ ಪಕ್ಕದಲ್ಲಿ ಒಂದು ಟಿಕ್ ಹಾಕು. ಟಿಕ್ ಇಲ್ಲದ ಜಾಯಿಂಟು ಅಂಟಿಲ್ಲದ ಜಾಯಿಂಟು ಎಂದೇ ತಿಳಿ.

ಒಂದು ದಿನ ಒಣಗಲು ಬಿಟ್ಟು ಆಮೇಲೆ ಟೆಸ್ಟ್ ಪಂಪು ಹಾಕು. ಮೊದಲು ಗಾಳಿಯೆಲ್ಲ ಹೊರಹೋಗುವ ತನಕ ನೀರು ತುಂಬು. ನಾನು ಮನೆಗಳಲ್ಲಿ 6 ಕೆ.ಜಿ.ಗೆ ಏರಿಸಿ ರಾತ್ರಿಯಿಡೀ ಬಿಡುತ್ತಿದ್ದೆ. ಇಷ್ಟೆಲ್ಲ ಯಾಕೆ ಎಂದು ಕೇಳುವವರಿಗೆ ಲೆಕ್ಕ ಬಿಡಿಸಿ ಹೇಳು: 10 ಮೀಟರ್ ಎತ್ತರದ ನೀರು ಒಂದು ಕೆ.ಜಿ. ಒತ್ತಡ ಕೊಡುತ್ತದೆ, ಮೂರಂತಸ್ತಿನ ಮನೆಯ ಟ್ಯಾಂಕಿನಿಂದ ಬರುವುದು ಹೆಚ್ಚುಕಡಿಮೆ ಅಷ್ಟೇ, ಆದರೆ ನಾಳೆ ಪಂಪು ಹಾಕಿಸಿದರೆ ಎರಡು ಮೂರು ಆಗುತ್ತದೆ. ಬೆಳಿಗ್ಗೆ ಪಂಪಿನ ಗೇಜಿನ ಮುಳ್ಳು ಎಲ್ಲಿತ್ತೋ ಅಲ್ಲೇ ಇದ್ದರೆ ಮೇಸ್ತ್ರಿಗೆ ಗಾರೆ ಹೊಡೆಯಲು ಹೇಳು. ಅದಕ್ಕೂ ಮೊದಲು ಗೋಡೆಗೆ ಟೇಪು ಹಿಡಿದು ಮೊಬೈಲಿನಲ್ಲಿ ಫೋಟೋ ತೆಗೆದು ಮನೆಯವರಿಗೆ ಕಳಿಸು. ಹತ್ತು ವರ್ಷದ ಮೇಲೆ ಕನ್ನಡಿ ತೂಗುಹಾಕಲು ಮೊಳೆ ಹೊಡೆಯುವಾಗ ನಿನ್ನನ್ನು ನೆನೆಯುತ್ತಾರೆ. ನಮ್ಮ ಕಾಲದಲ್ಲಿ ಈ ಅನುಕೂಲ ಇರಲಿಲ್ಲ.

ಬಿಸಿನೀರಿನ ಲೈನಿನಲ್ಲಿ ಇನ್ನೂ ಎಚ್ಚರ ಬೇಕು. ಮಾಮೂಲಿ ಪಿವಿಸಿ 60 ಡಿಗ್ರಿಗೇ ಮೆತ್ತಗಾಗಿ ಜೋಲುತ್ತದೆ. ಸಿಪಿವಿಸಿ 93ರವರೆಗೆ ತಾಳುತ್ತದೆ. ಆದರೆ ಬೇಸಿಗೆಯಲ್ಲಿ ಮನೆಯವರು ಊರಿಗೆ ಹೋಗಿ ನಾಲ್ಕು ದಿನ ಬಳಸದೆ ಬಿಟ್ಟರೆ ಟ್ಯೂಬಿನ ಸೋಲಾರಿನ ನೀರು ಅದರ ಹತ್ತಿರಕ್ಕೇ ಹೋಗುತ್ತದೆ. ಅದಕ್ಕೇ ಟ್ಯಾಂಕಿನಿಂದ ಇಳಿಯುವ ಮೊದಲ ತುಂಡನ್ನು ನಾನು ಜಿಐನಲ್ಲೇ ಹಾಕುತ್ತಿದ್ದೆ. ತಣ್ಣೀರಿನ ಟ್ಯಾಂಕು ಸೋಲಾರಿಗಿಂತ ಎತ್ತರದಲ್ಲಿರಲಿ, ಗಾಳಿ ಪೈಪು ಆ ತಣ್ಣೀರಿನ ಮಟ್ಟಕ್ಕಿಂತಲೂ ಮೇಲೆ ಹೋಗಲಿ. ಬಚ್ಚಲು ದೂರವಾದಷ್ಟೂ ಬಿಸಿ ಬರುವ ಮೊದಲು ಪೈಪಿನ ತಣ್ಣೀರು ಚೆಲ್ಲಬೇಕಾಗುತ್ತದೆ. 20 ಮೀಟರ್ ಉದ್ದದ ಮುಕ್ಕಾಲಿಂಚಿನ ಪೈಪಿನಲ್ಲಿ ಸುಮಾರು 6 ಲೀಟರ್ ನಿಂತಿರುತ್ತದೆ. ನಿಮ್ಮೂರಿಗೆ ಆ ನೀರು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿ.ಮೀ. ದೂರ, ಮೂರು ಕಡೆ ಪಂಪು ಮಾಡಿಸಿಕೊಂಡು ಏರಿ ಬರುವ ಕಾವೇರಿ. ಮನೆ ಕಟ್ಟುವ ಮೊದಲೇ ನಿನ್ನನ್ನು ಕರೆದರೆ ಬಚ್ಚಲುಗಳನ್ನು ಸೋಲಾರಿನ ಕೆಳಕ್ಕೇ ತರಲು ಇಂಜಿನಿಯರಿಗೆ ಹೇಳು. ಪ್ಲಂಬರನ ಮಾತು ಯಾರು ಕೇಳುತ್ತಾರೆ ಎಂದು ಸುಮ್ಮನಿರಬೇಡ, ಲೆಕ್ಕ ಕೊಟ್ಟರೆ ಕೇಳುತ್ತಾರೆ.

ಒಂದು ಮನೆಯವರು ಸೋಲಾರ್ ನೀರು ಬಿಸಿಯಾಗುತ್ತಿಲ್ಲ, ಟ್ಯೂಬೆಲ್ಲ ಬದಲಾಯಿಸಿ ಎಂದು ಕರೆದಿದ್ದರು. ತಾರಸಿಗೆ ಹೋಗಿ ಮುಟ್ಟಿ ನೋಡಿದರೆ ಟ್ಯೂಬುಗಳು ಚೆನ್ನಾಗೇ ಇವೆ. ಬಚ್ಚಲಿಗೆ ಬಂದೆ. ಕೈಶವರನ್ನು ತುದಿಯಲ್ಲಿ ಮಾತ್ರ ಬಂದ್ ಮಾಡಿ, ಮಿಕ್ಸರಿನ ಬಿಸಿನೀರು ತಣ್ಣೀರು ಎರಡರ ತಿರುಪನ್ನೂ ತೆರೆದೇ ಬಿಟ್ಟಿದ್ದರು. ಪಂಪಿನ ಒತ್ತಡಕ್ಕೆ ತಣ್ಣೀರು ಮಿಕ್ಸರಿನೊಳಗಿಂದ ಬಿಸಿನೀರಿನ ಪೈಪಿಗೆ ನುಗ್ಗಿ, ತಾರಸಿಯ ಟ್ಯಾಂಕಿಗೇ ಏರುತ್ತಿತ್ತು. ತಿರುಪು ಮುಚ್ಚಿ, ನೀರು ಹಿಂದಕ್ಕೆ ಏರದ ಹಾಗೆ ಒಂದು ಎನ್‌ಆರ್‌ವಿ ವಾಲ್ವು ಹಾಕಿ ಬಂದೆ. ಹತ್ತು ಟ್ಯೂಬು ಮಾರಿದ್ದರೆ ಅವತ್ತಿಗೆ ನಾಲ್ಕು ಕಾಸು ಹೆಚ್ಚು ಸಿಗುತ್ತಿತ್ತು. ಆ ಮನೆಯವರು ಆ ಬೀದಿಯ ಒಂಬತ್ತು ಮನೆಗಳ ಕೆಲಸ ಕೊಡಿಸಿದರು. ಹಾಗೆಂದು ನೋಡಿಕೊಟ್ಟದ್ದಕ್ಕೆ ದುಡ್ಡು ಬಿಡಬೇಡ. ಕಾಯಿಲೆ ಗೊತ್ತುಮಾಡುವುದೂ ಕೆಲಸವೇ. ಬಂದು ನೋಡಲು ಇಷ್ಟು ಎಂದು ಫೋನಿನಲ್ಲೇ ಹೇಳಿ ಹೋಗು.

ಈಗ ನಾನು ಗಟ್ಟಿಯಾಗಿ ಹೇಳುವ ಮಾತು. ಮೂರು ಕೆಲಸವನ್ನು ಯಾರು ಎಷ್ಟು ಕೊಟ್ಟರೂ ಮಾಡಬೇಡ.

ಗ್ಯಾಸ್ ಗೀಸರನ್ನು ಬಚ್ಚಲುಮನೆಯೊಳಗೆ ಕೂರಿಸಬೇಡ. ಚಳಿಗೆ ಕಿಟಕಿ ಬಾಗಿಲು ಮುಚ್ಚಿರುತ್ತಾರೆ. ಉರಿ ಆ ಪುಟ್ಟ ಕೋಣೆಯ ಗಾಳಿಯನ್ನು ತಿನ್ನುತ್ತದೆ, ಗಾಳಿ ಸಾಲದಾದಾಗ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸ್ನಾನಕ್ಕೆ ಹೋದವರು ತಲೆ ಸುತ್ತಿ ಬೀಳುತ್ತಾರೆ, ಬಾಗಿಲು ಒಡೆಯುವ ಹೊತ್ತಿಗೆ ಹೊತ್ತು ಮೀರಿರುತ್ತದೆ. ನಮ್ಮ ರಾಜ್ಯದಲ್ಲೇ ಎಷ್ಟು ಮನೆಗಳಲ್ಲಿ ಹೀಗಾಯಿತೆಂದು ನೀನೂ ಪೇಪರಿನಲ್ಲಿ ಓದಿದ್ದೀಯ. ಒಂದು ಬಾಡಿಗೆ ಮನೆಯಲ್ಲಿ ಒಳಗೇ ಹಾಕು ಎಂದು ಹಟ ಹಿಡಿದರು. ನಾನು ಚೀಲ ಎತ್ತಿಕೊಂಡು ಬಂದೆ. ಎರಡು ದಿನ ಬಿಟ್ಟು ಆ ಮನೆಯ ಅಜ್ಜಿ ಫೋನ್ ಮಾಡಿಸಿ, "ನೀ ಹೇಳಿದ ಹಾಗೇ ಹೊರಗೆ ಹಾಕಪ್ಪ, ಮೊಮ್ಮಕ್ಕಳಿರೋ ಮನೆ" ಅಂದರು. ಗಾಳಿಯಾಡುವ ಹೊರಗೋಡೆಗೆ ಹಾಕಿ, ಪೈಪು ಮಾತ್ರ ಒಳಗೆ ತಂದೆ.

ಕರೆಂಟ್ ಗೀಸರಿನ ಸೇಫ್ಟಿ ವಾಲ್ವನ್ನು ಕಿತ್ತು ಬೂಚು ಹಾಕಬೇಡ. ಹನಿ ತೊಟ್ಟಿಕ್ಕುತ್ತದೆ, ನಿಲ್ಲಿಸಿ ಎನ್ನುತ್ತಾರೆ. ಕಾದ ನೀರು ಹಿಗ್ಗುತ್ತದೆ, ಹಿಗ್ಗಿದ್ದು ಹೊರಹೋಗಲು ಇರುವುದು ಅದೊಂದೇ ದಾರಿ. ಥರ್ಮೋಸ್ಟಾಟ್ ಕೆಟ್ಟ ದಿನ ಆ ದಾರಿಯೂ ಮುಚ್ಚಿದ್ದರೆ ಟ್ಯಾಂಕು ಬಾಂಬಿನಂತೆ ಸಿಡಿಯುತ್ತದೆ. ವಾಲ್ವು ಕೆಟ್ಟಿದ್ದರೆ ಹೊಸದು ಹಾಕು. ಹಾಗೆಯೇ ಅರ್ತಿಂಗ್ ಇಲ್ಲದ ಕಡೆ ಗೀಸರ್ ಚಾಲೂ ಮಾಡಿಕೊಡಲೇಬೇಡ.

ಮೂರನೆಯದು ಪಿಟ್ಟು, ಮ್ಯಾನ್‌ಹೋಲು. "ಸ್ವಲ್ಪ ಇಳಿದು ನೋಡಿ, ಐನೂರು ಜಾಸ್ತಿ ಕೊಡ್ತೀವಿ" ಎನ್ನುವವರು ಸಿಗುತ್ತಾರೆ. ಇಳಿಯಬೇಡ, ಯಾರನ್ನೂ ಇಳಿಸಬೇಡ. ಮಲ ಹೊರುವ ಪದ್ಧತಿ ತಡೆಯುವ 2013ರ ಕಾಯ್ದೆಯ ಪ್ರಕಾರ ರಕ್ಷಣೆಯಿಲ್ಲದೆ ಹಾಗೆ ಇಳಿಸುವುದು ಅಪರಾಧ. ಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 30 ಲಕ್ಷ ಪರಿಹಾರ ಕೊಡಬೇಕೆಂದು 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ದುಡ್ಡು ಬಂದರೂ ಮಗ ಬರುವುದಿಲ್ಲ. ಸಕ್ಕಿಂಗ್ ಲಾರಿಯವರ ನಂಬರ್ ಇಟ್ಟುಕೊಂಡು ಕೊಡು. ಇನ್ನೊಂದು ಮಾತು, ಬಚ್ಚಲು ಕೆಲಸದವನು ಎಂದು ನಿನ್ನನ್ನು ಹಿತ್ತಿಲ ಬಾಗಿಲಿನಿಂದ ಕರೆಯುವ ಮನೆಗಳೂ ಇವೆ, ಲೋಟ ಬೇರೆ ಇಡುವವರೂ ಇದ್ದಾರೆ. ನಾನು ಅಂಥ ಕಡೆ ನೀರು ಬೇಡ ಎಂದು ಕೆಲಸ ಮುಗಿಸಿ ಬರುತ್ತಿದ್ದೆ. ಎರಡನೇ ಸಲ ಹೋಗುತ್ತಿರಲಿಲ್ಲ.

ದುಡ್ಡಿನ ವಿಷಯ ಹೆಚ್ಚು ಹೇಳುವುದಿಲ್ಲ. ಎಸ್ಟಿಮೇಟು ಬರೆದು ಕೊಡು, ಬಾಯಿಮಾತಿನಲ್ಲಿ ಒಪ್ಪಬೇಡ. ಸಾಮಾನಿಗೆ ಮುಂಗಡ ತೆಗೆದುಕೋ. ಹಾರ್ಡ್‌ವೇರ್ ಅಂಗಡಿಯವರು ಕಮಿಷನ್ ಕೊಡುತ್ತಾರೆ. ಆ ಆಸೆಗೆ ಬಿದ್ದರೆ ಯಾವ ಪೈಪು ಒಳ್ಳೆಯದು ಎನ್ನುವುದನ್ನು ಅಂಗಡಿಯವನೇ ನಿರ್ಧರಿಸುತ್ತಾನೆ. ಸಾಮಾನನ್ನು ಮನೆಯವರ ಕೈಯಲ್ಲೇ ಬಿಲ್ ಮಾಡಿಸಿ, ಕೂಲಿಯನ್ನು ಸರಿಯಾಗಿ ಕೇಳು. ಮನೆ ಖರ್ಚಿಗೂ ಕೆಲಸಕ್ಕೂ ಬ್ಯಾಂಕ್ ಖಾತೆ ಬೇರೆ ಬೇರೆ ಇರಲಿ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ಬರೆಸು. ವರ್ಷಕ್ಕೆ 20 ರೂಪಾಯಿಯ ಅಪಘಾತ ವಿಮೆಯನ್ನು ನಾಳೆಯೇ ಮಾಡಿಸು. ನಾನು ಏಣಿಯಿಂದ ಬಿದ್ದು ಮೂರು ತಿಂಗಳು ಮಲಗಿದ್ದಾಗ ಮನೆ ನಡೆಸಿದ್ದು ನಿಮ್ಮಮ್ಮ ಕಳಿಸಿದ ದುಡ್ಡು. ಅದನ್ನು ಅವಳು ನಿನಗೆ ಹೇಳಿರಲಾರಳು.

ಕೆಲಸದ ಕಡೆ ಸಿಗುವ ಒಡಿಶಾದ ಹುಡುಗರ ಸಂಗ ಬಿಡಬೇಡ. ಅವರ ಕೇಂದ್ರಪಾಡಾ ಜಿಲ್ಲೆಯಿಂದ ದೇಶದ ಎಲ್ಲ ಊರಿಗೂ ಪ್ಲಂಬರುಗಳು ಹೋಗುತ್ತಾರೆ. ಅಲ್ಲಿನ ಪಟ್ಟಾಮುಂಡಾಯ್ ಊರಿನಲ್ಲಿ ಈ ಕೆಲಸ ಕಲಿಸಲೆಂದೇ ಸರ್ಕಾರದ ಸಂಸ್ಥೆಯಿದೆ. ದೊಡ್ಡ ಕಟ್ಟಡದ ಪೈಪುಗಳಿಗೆ ಇಳಿಜಾರು ಕೊಡುವುದನ್ನು ನನಗೆ ಕಲಿಸಿದ್ದು ಅಲ್ಲಿಂದ ಬಂದ ಒಬ್ಬ ಮೇಸ್ತ್ರಿ. ಭಾಷೆ ಬರದೆ ಕೈಸನ್ನೆಯಲ್ಲೇ ಕಲಿಸಿದ. ಒಂಟಿಯಾಗಿ ಆಗದ ಕೆಲಸ ಬಂದರೆ ಅವರನ್ನು ಕರೆದು ಸರಿಪಾಲು ಕೊಡು.

ನನ್ನ 18 ಇಂಚಿನ ಪೈಪ್ ವ್ರೆಂಚನ್ನೂ ಟೆಸ್ಟ್ ಪಂಪನ್ನೂ ನಾಡಿದ್ದು ಬಸ್ಸಿನಲ್ಲಿ ಕಳಿಸುತ್ತೇನೆ. ವ್ರೆಂಚಿನ ಹಲ್ಲು ಸ್ವಲ್ಪ ಸವೆದಿದೆ, ಹಿಡಿತ ಚೆನ್ನಾಗಿದೆ. ಪಂಪಿನ ವಾಷರ್ ಹೊಸದು ಹಾಕಿದ್ದೇನೆ. ಮೊದಲ ಮನೆಯ ಟೆಸ್ಟ್ ಮುಗಿದ ಬೆಳಿಗ್ಗೆ ಮುಳ್ಳಿನ ಫೋಟೋ ತೆಗೆದು ನನಗೆ ಕಳಿಸು.

ಇತಿ ನಿನ್ನ ಮಾವ